ಜೋಳವಾಳಿ

ಧಾತು ಸಂವತ್ಸರದಲ್ಲಿ, ಅಂದರೆ 1876ರಲ್ಲಿ, ಘಟಪ್ರಭೆ ಹರಿಯುವ ಸೀಮೆಗೆ ಮುಂಗಾರು ಅರೆಬರೆ ಬಂದು ಹೋಯಿತು. ಹಿಂಗಾರಾದರೂ ಕೈಹಿಡಿದೀತೆಂದು ರೈತರು ಕೂರಿಗೆ ಸಜ್ಜು ಮಾಡಿಕೊಂಡು ಕೂತರು. ಅದು ಬರಲೇ ಇಲ್ಲ. ಆಗಿನ್ನೂ ಹುಕ್ಕೇರಿ ತಾಲ್ಲೂಕು ಆಗಿರಲಿಲ್ಲ. ಹುಕ್ಕೇರಿ, ಸಂಕೇಶ್ವರ, ಬೆಲ್ಲದ ಬಾಗೇವಾಡಿಯ ಊರುಗಳೆಲ್ಲ ಚಿಕ್ಕೋಡಿಗೆ ಸೇರಿದ್ದವು, ಮೂಡಲಗಿ ಗೋಕಾಕಕ್ಕೆ. ಪಡುವಣಕ್ಕೆ ಸಹ್ಯಾದ್ರಿಯ ಸೆರಗಿನಲ್ಲಿದ್ದ ಹಳ್ಳಿಗಳು ಹೇಗೋ ಉಸಿರು ಹಿಡಿದವು. ಮೂಡಣಕ್ಕೆ ಹೋದಂತೆ, ಗೋಕಾಕ, ಅಥಣಿ, ಸವದತ್ತಿಯ ಎರಿ ಹೊಲಗಳು ಕಾಲು ಸಿಕ್ಕಿಕೊಳ್ಳುವಷ್ಟು ಬಿರಿದವು.

ಮಳೆ ಕೈಕೊಡುವುದು ಈ ನೆಲಕ್ಕೆ ಹೊಸದಾಗಿರಲಿಲ್ಲ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಶುರುವಾದ ದುರ್ಗಾದೇವಿ ಬರದ ನೆನಪು, ಹದಿನೆಂಟನೆಯ ಶತಮಾನದ ಕೊನೆಯ ಡೋಗಿ ಬರದ ನೆನಪು ಹಿರಿಯರ ಬಾಯಲ್ಲಿತ್ತು. ಹಾಗಾಗಿಯೇ ಒಂದು ಮಳೆ ತಪ್ಪಿದರೆ ತಡೆದುಕೊಳ್ಳುವ ವ್ಯವಸ್ಥೆಯನ್ನು ಊರು ತನ್ನ ಕಾಲ ಕೆಳಗೇ ಇಟ್ಟುಕೊಂಡಿತ್ತು. ಅದು ಹಗೇವು. ನೆಲದೊಳಗೆ ತೋಡಿದ ಹೂಜಿಯಂತೆ ಅದರ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಬೆಂಕಿ ಹಾಕಿ ಒಣಗಿಸಿ, ಗೋಡೆಗೆ ಜೋಳದ ಕಣಿಕೆಯನ್ನೋ ಹೊಟ್ಟನ್ನೋ ಒತ್ತಿ, ರಾಶಿಯ ಜೋಳ ಸುರಿದು, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಚೆನ್ನಾಗಿ ತುಂಬಿದ ಹಗೇವಿನ ಜೋಳ ವರ್ಷಗಟ್ಟಲೆ ಕೆಡುವುದಿಲ್ಲ. ತೆಗೆಯುವಾಗ ಅವಸರ ಮಾಡುವಂತಿಲ್ಲ. ಬಾಯಿ ತೆರೆದು ಹೊತ್ತು ಬಿಡಬೇಕು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ದೀಪ ಆರಿದರೆ ಒಳಗಿನ ಗಾಳಿ ಇನ್ನೂ ವಿಷ. ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಈ ಎಚ್ಚರವನ್ನು ಮರೆತು ಇಳಿದವರು ಮೇಲೆ ಬಂದದ್ದಿಲ್ಲ ಎಂಬ ಮಾತು ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಇಂದಿಗೂ ಕೇಳಸಿಗುತ್ತದೆ.

1876ರಲ್ಲಿ ಚಪ್ಪಡಿ ಎತ್ತಿದಾಗ ಎಷ್ಟೋ ಹಗೇವುಗಳು ಖಾಲಿಯಿದ್ದವು. ಅದಕ್ಕೆ ಆ ವರ್ಷದ ಮಳೆಯೊಂದೇ ಕಾರಣವಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಂತಾಗಿ, ಧಾರವಾಡ–ಬೆಳಗಾವಿ ಸೀಮೆಯ ಹತ್ತಿಗೆ ಕಂಡರಿಯದ ಬೆಲೆ ಬಂತು. ಜೋಳದ ಎರಿ ಭೂಮಿ ಹತ್ತಿಗೆ ಹೋಯಿತು. 1865ಕ್ಕೆ ಯುದ್ಧ ಮುಗಿದದ್ದೇ ತಡ, ಬೆಲೆ ನೆಲಕಚ್ಚಿತು. ಸಾಲ ಉಳಿಯಿತು. ಕಂದಾಯವನ್ನಂತೂ ನಗದಾಗಿಯೇ ಕಟ್ಟಬೇಕು, ಬೆಳೆ ಬರಲಿ ಬಿಡಲಿ. ಮೂರು ವರ್ಷಕ್ಕಾಗುವಷ್ಟು ಜೋಳವನ್ನು ನೆಲದಲ್ಲಿ ಹೂತಿಡುವ ಚೈತನ್ಯ ಉಳಿದದ್ದು ದೊಡ್ಡ ಮನೆಗಳಿಗೆ ಮಾತ್ರ. ಬರವನ್ನು ದೇವರ ಮುನಿಸೆಂದು ಬರೆದವರು ಬಹಳ. ಹಗೇವು ಬರಿದಾದ ಕತೆಯನ್ನು ಹೇಳದೆ ಬರದ ಕತೆ ಹೇಳುವುದು ನನಗೆ ನ್ಯಾಯವೆನಿಸುವುದಿಲ್ಲ.

ಬೆಳಗಾವಿ ಜಿಲ್ಲೆಗೆ ಆಗ ರೈಲು ಇರಲಿಲ್ಲ. ಕಡಲ ಸರಕು ವೆಂಗುರ್ಲಾ ಬಂದರಿನಲ್ಲಿಳಿದು, ಘಟ್ಟ ಹತ್ತಿ, ಎತ್ತಿನ ಬಂಡಿಗಳಲ್ಲಿ ಬರಬೇಕಿತ್ತು. ಮೇವಿಲ್ಲದೆ ಎತ್ತುಗಳೇ ಬೀಳುತ್ತಿದ್ದ ಕಾಲದಲ್ಲಿ ಆ ಬಂಡಿಗಳು ಎಷ್ಟು ತಂದಾವು? ಗೋಕಾಕದ ನೇಕಾರರು, ಬಣ್ಣಗಾರರು ರೈತರಿಗಿಂತ ಮೊದಲೇ ಕಂಗೆಟ್ಟರು. ಹಸಿದ ಊರು ಮೊದಲು ಬಿಡುವುದು ಹೊಸ ಬಟ್ಟೆಯನ್ನು.

ವೈಸ್‌ರಾಯ್ ಲಿಟ್ಟನ್ 1877ರ ಜನವರಿ 1ರಂದು ದಿಲ್ಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾಳನ್ನು ಭಾರತದ ಚಕ್ರವರ್ತಿನಿಯೆಂದು ಸಾರಿಸಿದ. ಅದೇ ತಿಂಗಳು ಅವನ ಪ್ರತಿನಿಧಿಯಾಗಿ ಸರ್ ರಿಚರ್ಡ್ ಟೆಂಪಲ್ ದಖ್ಖನಿನ ಬರದ ಸೀಮೆಗಳನ್ನು ನೋಡಲು ಹೊರಟ. ಖರ್ಚು ಕಡಿಮೆ ಮಾಡುವುದು ಅವನ ಮುಖ್ಯ ಕೆಲಸ. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆದು, ಮಣ್ಣು ಹೊತ್ತ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಅರ್ಧ ಕಿಲೋಗೂ ಕಡಿಮೆ, ಕಾಳಿನ ಬೆಲೆ ಮತ್ತು ಒಂದಾಣೆ ಸಾಕೆಂದು ಅವನು ತೀರ್ಮಾನಿಸಿದ. ಹೆಂಗಸರಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ. ಇತಿಹಾಸದಲ್ಲಿ ಇದಕ್ಕೆ ಟೆಂಪಲ್ ಕೂಲಿ ಎಂದೇ ಹೆಸರಾಯಿತು. ಊರ ಹತ್ತಿರದ ಸಣ್ಣ ಕೆಲಸಗಳನ್ನು ಮುಚ್ಚಿ ಜನರನ್ನು ದೂರದ ದೊಡ್ಡ ಕಾಮಗಾರಿಗಳಿಗೆ ಅಟ್ಟಲಾಯಿತು. ಸುಮ್ಮನೆ ಒಪ್ಪಲಿಲ್ಲ ಜನ. ಮುಂಬಯಿ ಪ್ರಾಂತದ ಬರದ ಜಿಲ್ಲೆಗಳಲ್ಲಿ ಸುಮಾರು ಒಂದು ಲಕ್ಷ ಮಂದಿ ಹಸಿದ ಹೊಟ್ಟೆಯಲ್ಲೇ ಕೆಲಸ ಬಿಟ್ಟು ಎದ್ದು ನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರ ನಿಂತು ಸರ್ಕಾರಕ್ಕೆ ವರದಿಯ ಮೇಲೆ ವರದಿ ಕಳಿಸಿತು. ಗಣೇಶ ವಾಸುದೇವ ಜೋಶಿ, ಮಹಾದೇವ ಗೋವಿಂದ ರಾನಡೆ ಅವರ ಆ ಕೆಲಸ ನಮ್ಮ ಸಾರ್ವಜನಿಕ ಜೀವನದ ಮೊದಲ ದೊಡ್ಡ ಹೋರಾಟಗಳಲ್ಲೊಂದು. ಮದರಾಸಿನಲ್ಲಿ ವೈದ್ಯಾಧಿಕಾರಿ ಕಾರ್ನಿಶ್, ಈ ಕೂಲಿಯಲ್ಲಿ ದುಡಿಯುವ ದೇಹ ಉಳಿಯದೆಂದು ನೇರವಾಗಿಯೇ ಪ್ರತಿಭಟಿಸಿದ.

ಲೆಕ್ಕ ಆಮೇಲೆ ಸಿಕ್ಕಿತು. 1872ರ ಗಣತಿಯಿಂದ 1881ರ ಗಣತಿಗೆ ಬೆಳಗಾವಿ ಜಿಲ್ಲೆಯ ಜನ ಹೆಚ್ಚುವುದಿರಲಿ, ಎಪ್ಪತ್ತು ಸಾವಿರಕ್ಕೂ ಮೇಲೆ ಕಡಿಮೆಯಾಗಿದ್ದರು. ಪಕ್ಕದ ಕಲಾದಗಿ ಜಿಲ್ಲೆ, ಈಗಿನ ವಿಜಯಪುರ–ಬಾಗಲಕೋಟೆ, ಐದರಲ್ಲಿ ಒಂದು ಪಾಲು ಜನರನ್ನು ಕಳೆದುಕೊಂಡಿತ್ತು. ಮೈಸೂರು ಸಂಸ್ಥಾನದ್ದೂ ಹೆಚ್ಚುಕಡಿಮೆ ಅದೇ ಗತಿ. ಅಲ್ಲಿಯವರು ಅದನ್ನು ಧಾತು–ಈಶ್ವರ ಬರ ಎಂದೇ ನೆನೆದರು.

ಇದರ ಮುಂದಿನ ಕತೆ ಎಲ್ಲರಿಗೂ ಗೊತ್ತಿರುವುದೇ. 1880ರಲ್ಲಿ ಕ್ಷಾಮ ಆಯೋಗದ ವರದಿ ಬಂತು, ಅದರ ಬೆನ್ನಿಗೆ ಕ್ಷಾಮ ಸಂಹಿತೆ. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು. ಬರದ ಸೀಮೆಗೆ ಕಾಳು ಮುಟ್ಟಿಸುವುದು ಅದರ ಘೋಷಿತ ಉದ್ದೇಶಗಳಲ್ಲೊಂದು. 1887ರಲ್ಲಿ ಗೋಕಾಕ ಜಲಪಾತದ ನೀರಿನ ಬಲದಿಂದ ಹತ್ತಿ ಗಿರಣಿ ತಿರುಗಿತು. ಮೇಲ್ಗಡೆ ಧೂಪದಾಳದಲ್ಲಿ ಘಟಪ್ರಭೆಗೆ ಕಟ್ಟಿದ ಒಡ್ಡು 1897ಕ್ಕೆ ಮುಗಿದು, ಎಡದಂಡೆಯ ಕಾಲುವೆಗೆ ನೀರು ಬಿತ್ತು. ಸ್ವಾತಂತ್ರ್ಯಾನಂತರ ಹಿಡಕಲ್‌ನಲ್ಲಿ ರಾಜಾ ಲಖಮಗೌಡ ಅಣೆಕಟ್ಟು ಎದ್ದಿತು. 51 ಟಿಎಂಸಿ ನೀರು, ಸುಮಾರು ಮೂರು ಲಕ್ಷ ಹೆಕ್ಟೇರಿಗೆ ನೀರಾವರಿಯ ಗುರಿ. ಇಂಜಿನಿಯರರ ಹೆಸರು ಕಡತದಲ್ಲಿವೆ, ಗವರ್ನರರ ಹೆಸರು ಕಲ್ಲಿನಲ್ಲಿವೆ, ದಾನಿಗಳ ಹೆಸರು ಅಣೆಕಟ್ಟಿನ ಮೇಲೆ.

ಆದರೆ ಧೂಪದಾಳದ ಕಾಲುವೆಗೂ ಮೊದಲು, ಹಿಡಕಲ್ಲಿಗೂ ಮೊದಲು, ಸಾವಿರಾರು ವರ್ಷ ಈ ನೆಲದ ಹೊಟ್ಟೆ ಹೊರೆದದ್ದು ಜೋಳ. ಬರದಿಂದ ಉಳಿದವರು ಜೋಳದಿಂದಲೇ ಉಳಿದರು. ಆ ಜೋಳವನ್ನು ಮನುಷ್ಯನ ಬೆಳೆಯಾಗಿ ಮಾಡಿದವರು ಆಫ್ರಿಕಾದವರು. ನಮ್ಮ ಬರದ ಇತಿಹಾಸ ಬರೆದವರು ಅವರನ್ನು ನೆನೆದದ್ದು ನಾನು ಕಂಡಿಲ್ಲ.

ಬಿಳಿಜೋಳ ನಿಂತ ಎರಿ ಹೊಲವನ್ನು ಡಿಸೆಂಬರಿನಲ್ಲಿ ನೋಡಬೇಕು. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಜೋಳಕ್ಕೆ ಆಮೇಲೆ ಮಳೆಯೇ ಇಲ್ಲದಿದ್ದರೂ ನಡೆದೀತು. ಕಪ್ಪು ಮಣ್ಣು ಹಿಡಿದಿಟ್ಟ ತೇವವನ್ನು ಬೇರು ಆಳಕ್ಕಿಳಿದು ಹೀರುತ್ತದೆ, ರಾತ್ರಿಯ ಇಬ್ಬನಿಯೂ ಆಸರೆಯಾಗುತ್ತದೆ. ಎಲೆಯ ಮೇಲೆ ಮೇಣದ ಲೇಪವಿದೆ. ಬಿಸಿಲು ಏರಿದರೆ ಎಲೆ ಸುರುಳಿಯಾಗಿ ಮೈ ಮುದುಡಿಕೊಳ್ಳುತ್ತದೆ. ಮುಂಗಾರಿ ಜೋಳದ ನಡುವೆ ಮಳೆ ಕೈಕೊಟ್ಟರೆ ಗಿಡ ಬೆಳವಣಿಗೆಯನ್ನೇ ನಿಲ್ಲಿಸಿ ಕಾಯುತ್ತದೆ, ಹನಿ ಬಿದ್ದ ಮೇಲೆ ಮತ್ತೆ ಎದ್ದುಕೊಳ್ಳುತ್ತದೆ. ಮೆಕ್ಕೆಜೋಳಕ್ಕೆ ಈ ತಾಳ್ಮೆಯಿಲ್ಲ, ಭತ್ತಕ್ಕಂತೂ ಇಲ್ಲವೇ ಇಲ್ಲ. ತೆನೆ ಮನುಷ್ಯನಿಗೆ, ಕಣಿಕೆ ದನಕ್ಕೆ. ಬರದಲ್ಲಿ ಎತ್ತು ಉಳಿದರೆ ಮಾತ್ರ ಮುಂದಿನ ವರ್ಷ ಬಿತ್ತನೆ. ಹಾಗಾಗಿ ರೈತನಿಗೆ ಕಾಳಿನಷ್ಟೇ ಕಣಿಕೆಯ ಚಿಂತೆ. ರೊಟ್ಟಿ, ನುಚ್ಚು, ಅಂಬಲಿ, ಎಳೆ ತೆನೆ ಸುಟ್ಟ ಸೀತನಿ — ಈ ಸೀಮೆಯ ಊಟವೆಂದರೆ ಬಹುಮಟ್ಟಿಗೆ ಈ ಒಂದು ಗಿಡ.

ಈ ಗುಣಗಳೆಲ್ಲ ಗಿಡಕ್ಕೆ ತಾನಾಗಿ ಬಂದವಲ್ಲ. ನೈಲ್ ನದಿಯ ಪೂರ್ವಕ್ಕೆ, ಸುಡಾನಿನ ಕಸ್ಸಲಾ ಪಟ್ಟಣದ ಸುತ್ತ, ಬುಟಾನಾ ಎಂಬ ಹುಲ್ಲುಗಾವಲಿದೆ. ಅಲ್ಲಿ ಅಗೆದು ತೆಗೆದ ಮಡಕೆ ಚೂರುಗಳ ಮಣ್ಣಿನಲ್ಲಿ ಜೋಳದ ಹೊಟ್ಟಿನ ಅಚ್ಚುಗಳು ಉಳಿದಿದ್ದವು. ಕುಂಬಾರರು ಜೇಡಿಗೆ ಹೊಟ್ಟು ಬೆರೆಸಿ ತುಳಿದಿದ್ದರು. 2017ರಲ್ಲಿ ಪುರಾತತ್ತ್ವಜ್ಞರು ಆ ಅಚ್ಚುಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ ಹೇಳಿದ್ದು: ಐದು ಸಾವಿರ ವರ್ಷಗಳ ಹಿಂದೆಯೇ ಅಲ್ಲಿಯ ಜನ ಕಾಡು ಜೋಳವನ್ನು ಹೊಲದ ಜೋಳವಾಗಿ ಮಾಡುತ್ತಿದ್ದರು. ಕಾಡು ಜೋಳದ ಕಾಳು ಬಲಿತ ಕೂಡಲೇ ಉದುರಿ ಚೆಲ್ಲಾಡುತ್ತದೆ. ತೆನೆಯಲ್ಲೇ ಅಂಟಿ ನಿಲ್ಲುವ ಅಪರೂಪದ ಗಿಡಗಳನ್ನು ಆರಿಸಿ ಬೀಜಕ್ಕಿಡುತ್ತ, ತಲೆಮಾರುಗಳ ಮೇಲೆ ತಲೆಮಾರು ಅದನ್ನೇ ಮಾಡುತ್ತ ಬಂದರೆ ಮಾತ್ರ ಕೊಯ್ಯಬಲ್ಲ ಜೋಳ ಸಿಗುತ್ತದೆ. ಆ ಹೊಟ್ಟಿನ ಅಚ್ಚಿನಲ್ಲಿ ಎರಡು ಬಗೆಯ ಕಾಳೂ ಬೆರೆತಿದ್ದವು, ಕಾಡಿನದೂ ಹೊಲದ್ದೂ. ಕೆಲಸ ನಡುವೆ ಇದ್ದಾಗಿನ ಗುರುತು ಅದು. ಹಸಿವನ್ನು ಗೆಲ್ಲುವ ಕೆಲಸದಲ್ಲಿ ಮುಂದಾಳತ್ವವೆಂದರೆ ನನ್ನ ಮಟ್ಟಿಗೆ ಮೊದಲು ಇವರದು. ಅವರ ಒಂದು ಹೆಸರೂ ಉಳಿದಿಲ್ಲ.

ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಈ ಕಾಳು ಅರಬ್ಬಿ ಸಮುದ್ರದ ದಾರಿಯಲ್ಲಿ ಇತ್ತ ಬಂತೆಂದು ವಿದ್ವಾಂಸರು ಹೇಳುತ್ತಾರೆ. ಒಂಟಿಯಾಗಿ ಬರಲಿಲ್ಲ. ಇಥಿಯೋಪಿಯಾ–ಉಗಾಂಡದ ಎತ್ತರದ ನಾಡಿನ ರಾಗಿ, ಸಹಾರಾದ ದಕ್ಷಿಣ ಅಂಚಿನ ಸಜ್ಜೆ, ಅಲಸಂದಿ, ಔಡಲ ಎಲ್ಲವೂ ಅಲ್ಲಿಯವೇ. ಹಾವೇರಿ ಜಿಲ್ಲೆಯ ತುಂಗಭದ್ರಾ ದಂಡೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ 1960ರ ದಶಕದಲ್ಲಿ ಉತ್ಖನನ ಮಾಡಿದ ಮೇಲೆ, ಅಲ್ಲಿಯ ಸುಟ್ಟ ಕಾಳುಗಳ ಅಧ್ಯಯನ ಈ ಸಂಬಂಧವನ್ನು ಕರ್ನಾಟಕದ ನೆಲಕ್ಕೇ ತಂದು ನಿಲ್ಲಿಸಿತು. ಹುರುಳಿ, ತೊಗರಿ ನಮ್ಮವು. ಅವುಗಳ ಜತೆ ಆಫ್ರಿಕಾದ ಕಾಳುಗಳು ಸೇರಿ ಒಣಬೇಸಾಯದ ಇಡೀ ಊಟದ ತಟ್ಟೆ ತಯಾರಾಯಿತು. ಮುಂಗಾರಿಗೆ ಒಂದು, ಹಿಂಗಾರಿಗೆ ಇನ್ನೊಂದು, ಕೆಂಪು ನೆಲಕ್ಕೆ ರಾಗಿ–ಸಜ್ಜೆ, ಎರಿಗೆ ಜೋಳ. ಮಳೆ ನೆಚ್ಚಲಾಗದ ಒಳನಾಡಿನಲ್ಲಿ ಊರು ಕಟ್ಟಲು ಜನಕ್ಕೆ ಧೈರ್ಯ ಬಂದದ್ದು ಹೀಗೆ.

ಹಳಗನ್ನಡ ಕಾವ್ಯದ ವೀರರಿಗೆ ಜೋಳವಾಳಿ ದೊಡ್ಡ ಮಾತು. ಒಡೆಯನ ಮನೆಯ ಜೋಳ ಉಂಡವನು ಆ ಋಣವನ್ನು ರಣರಂಗದಲ್ಲಿ ಪ್ರಾಣ ಕೊಟ್ಟಾದರೂ ತೀರಿಸಬೇಕು. ನಾಡಿನ ವೀರಗಲ್ಲುಗಳ ಹಿಂದಿರುವುದು ಈ ನಂಬಿಕೆಯೇ. ಉಣಿಸಿದವರನ್ನು ಮರೆಯಬಾರದೆಂಬ ಈ ರೀತಿಯನ್ನು ಒಡೆಯರಷ್ಟಕ್ಕೆ ನಿಲ್ಲಿಸಿ, ಕಾಳನ್ನೇ ಕೊಟ್ಟವರವರೆಗೆ ನಾವು ಒಯ್ಯಲಿಲ್ಲ.

ಕಾಳಿನ ಹಾಗೆ ಮನುಷ್ಯರೂ ಆ ಕಡಲು ದಾಟಿ ಬಂದರು, ಬಹುಪಾಲು ಗುಲಾಮರಾಗಿ. ವಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿ ಮಂತ್ರಿ ಪದವಿಗೇರಿದ ಇಖ್ಲಾಸ್ ಖಾನ್, ಅಹಮದನಗರದ ನಿಜಾಮಶಾಹಿಯನ್ನು ಮೊಘಲರೆದುರು ವರ್ಷಗಟ್ಟಲೆ ಕಾಪಾಡಿ ಔರಂಗಾಬಾದಿಗೆ ನೆಲದೊಳಗಿನ ಕೊಳವೆಗಳಲ್ಲಿ ನೀರು ತಂದ ಮಲಿಕ್ ಅಂಬರ್, ಇಬ್ಬರೂ ಆಫ್ರಿಕಾ ಮೂಲದವರು. ಬೆಳಗಾವಿ ಜಿಲ್ಲೆಯದೇ ಖಾನಾಪುರ, ಪಕ್ಕದ ಹಳಿಯಾಳ, ಯಲ್ಲಾಪುರದ ಕಾಡಂಚಿನಲ್ಲಿ ಬಾಳುವ ಸಿದ್ದಿಗಳ ಪೂರ್ವಜರೂ ಅಲ್ಲಿಂದಲೇ ಬಂದವರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮನ್ನಣೆ ಸಿಕ್ಕಿದ್ದು 2003ರಲ್ಲಿ. ಅಷ್ಟು ತಡವಾದದ್ದಕ್ಕೆ ನಾವು ನಾಚಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಜೋಳದ ಕತೆಗೆ ವಿಜ್ಞಾನ ಕೂಡಿಕೊಂಡಿತು. 1930ರ ದಶಕದಲ್ಲಿ ವಿಜಾಪುರದಲ್ಲಿ, ಸೊಲ್ಲಾಪುರದಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರಗಳು ಶುರುವಾದವು. ಸೊಲ್ಲಾಪುರದ ಹತ್ತಿರದ ಮೋಹೋಳದಲ್ಲಿ ರೈತರ ಹಳೆಯ ಮಾಲದಂಡಿ ಜೋಳದಿಂದಲೇ ಆರಿಸಿದ ಎಂ 35–1 ತಳಿ ಇಂದಿಗೂ ಉತ್ತರ ಕರ್ನಾಟಕದ ಹಿಂಗಾರಿ ಹೊಲಗಳಲ್ಲಿ ನಿಂತಿದೆ. ರೊಟ್ಟಿಗೆ ಅದರ ಹಿಟ್ಟೇ ಬೇಕೆನ್ನುವ ತಾಯಂದಿರು ಈಗಲೂ ಇದ್ದಾರೆ. 1964ರಲ್ಲಿ ದೇಶದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್–1 ಬಂತು, ಎನ್.ಜಿ.ಪಿ. ರಾವ್ ಅವರ ಹೆಸರು ಅದರೊಂದಿಗೆ ಸೇರಿಕೊಂಡಿದೆ. ಆ ಹೈಬ್ರಿಡ್‌ನ ತಾಯಿ ತಳಿ ಅಮೆರಿಕದ ಟೆಕ್ಸಾಸ್‌ನಿಂದ ಬಂದದ್ದು. ಅಲ್ಲಿಯ ವಿಜ್ಞಾನಿಗಳು ಅದನ್ನು ಮಾಡಿದ್ದು ಮೈಲೋ ಮತ್ತು ಕಾಫಿರ್ ಎಂಬ ಎರಡು ಜೋಳಗಳನ್ನು ಕೂಡಿಸಿ. ಮೈಲೋದ ಮೂಲ ಆಫ್ರಿಕಾದ ಈಶಾನ್ಯ, ಕಾಫಿರಿನದು ಆಫ್ರಿಕಾದ ದಕ್ಷಿಣ. ಗುಲಾಮರ ಹಡಗುಗಳ ಕಾಲದಿಂದ ಆಫ್ರಿಕಾದ ಜೋಳಗಳು ಅಟ್ಲಾಂಟಿಕ್ ದಾಟುತ್ತ ಬಂದಿದ್ದವು. ಅಂತೂ ಇತ್ತಲಿಂದ ಒಮ್ಮೆ, ಅತ್ತಲಿಂದ ಸುತ್ತಿ ಇನ್ನೊಮ್ಮೆ, ಜೋಳ ನಮ್ಮಲ್ಲಿಗೆ ಎರಡು ಸಲ ಬಂತು.

ಎರಡನೆಯ ಸಲ ಬಂದದ್ದು ಬರಗಾಲದಲ್ಲೇ. 1960ರ ದಶಕದ ಮಧ್ಯದಲ್ಲೂ 1972–73ರಲ್ಲೂ ಮಳೆ ತಪ್ಪಿದಾಗ ಅಮೆರಿಕದಿಂದ ಹಡಗಿನಲ್ಲಿ ಬಂದ ಕೆಂಪು ಜೋಳ ನ್ಯಾಯಬೆಲೆ ಅಂಗಡಿಗಳಲ್ಲಿ ಸಿಕ್ಕಿತು. ಅದು ಇದೇ ಮೈಲೋ. ಅಮೆರಿಕದಲ್ಲಿ ಅದು ದನ, ಕೋಳಿಗಳ ಮೇವು. ಬಿಳಿಜೋಳದ ರೊಟ್ಟಿ ಉಂಡ ಬಾಯಿಗೆ ಅದರ ರೊಟ್ಟಿ ಇಳಿಯುತ್ತಿರಲಿಲ್ಲ ಎಂದು ಆ ಕಾಲ ಕಂಡವರು ಈಗಲೂ ಮುಖ ಸಿಂಡರಿಸುತ್ತಾರೆ. ಆದರೆ 1876ರ ಹಾಗೆ ಊರೂರೇ ಸಾಯಲಿಲ್ಲ. ಸರ್ಕಾರ ನಮ್ಮದಿತ್ತು, ರೈಲಿತ್ತು, ಪಡಿತರವಿತ್ತು, ಕಾಮಗಾರಿಗಳಿದ್ದವು; ತಟ್ಟೆಯಲ್ಲಿ ಮಾತ್ರ ಆಗಲೂ ಇದ್ದದ್ದು ಆಫ್ರಿಕಾದಲ್ಲಿ ಹುಟ್ಟಿದ ಕಾಳು.

ಕೊಟ್ಟವರಿಗೆ ನಮ್ಮಿಂದ ಏನು ಹೋಯಿತು? ದುಃಖದ ಉತ್ತರ: ಒಂದು ಹುಳು. ಜೋಳದ ಸುಳಿಯೊಳಗೆ ಸೇರಿ ದಂಟನ್ನು ತೂತು ಮಾಡುವ ಕಾಂಡಕೊರಕ ನಮ್ಮ ರೈತರ ಹಳೆಯ ಶತ್ರು. ಏಷ್ಯಾದ ಈ ಹುಳು ಹೇಗೋ ಕಡಲು ದಾಟಿ 1930ರ ಸುಮಾರಿಗೆ ಮಲಾವಿಯಲ್ಲಿ ಕಾಣಿಸಿತು. ಅಲ್ಲಿಂದ ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ಜೋಳ, ಮೆಕ್ಕೆಜೋಳದ ಹೊಲಗಳನ್ನೆಲ್ಲ ಹಿಡಿಯಿತು. ಏಷ್ಯಾದಲ್ಲಿ ಅದನ್ನು ಹತೋಟಿಯಲ್ಲಿಡುವ ಸಣ್ಣ ಕಣಜ ಅಲ್ಲಿರಲಿಲ್ಲ.

ಇದರ ಎದುರು ನಿಂತ ಸಂಸ್ಥೆಯನ್ನು ಕಟ್ಟಿದವರು ಕೆನ್ಯಾದ ಥಾಮಸ್ ಒಡಿಯಾಂಬೊ. 1931ರಲ್ಲಿ ಹುಟ್ಟಿ, ಉಗಾಂಡದ ಮಕೆರೆರೆಯಲ್ಲಿ ಓದಿ, ಕೇಂಬ್ರಿಜ್‌ನಲ್ಲಿ ಕೀಟಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಅವರಿಗೆ ಯೂರೋಪಿನಲ್ಲಿ ಎಲ್ಲಿಯಾದರೂ ಕೆಲಸ ಸಿಗುತ್ತಿತ್ತು. ಅವರು ನೈರೋಬಿಗೆ ಮರಳಿ 1970ರಲ್ಲಿ ಅಂತಾರಾಷ್ಟ್ರೀಯ ಕೀಟ ಸಂಶೋಧನಾ ಕೇಂದ್ರ ಇಸಿಪೆಯನ್ನು ಕಟ್ಟಿದರು. ಆಫ್ರಿಕಾದ ಹುಳುಗಳ ಸಮಸ್ಯೆಗೆ ಆಫ್ರಿಕಾದಲ್ಲೇ, ಆಫ್ರಿಕಾದ ವಿಜ್ಞಾನಿಗಳಿಂದಲೇ ಪರಿಹಾರ ಬರಬೇಕೆಂಬುದು ಅವರ ಹಟ. ದುಬಾರಿ ಔಷಧ ಕೊಳ್ಳಲಾಗದ ಸಣ್ಣ ರೈತನೇ ಅವರ ಲೆಕ್ಕದ ಕೇಂದ್ರ. 1987ರಲ್ಲಿ ಹಸಿವಿನ ವಿರುದ್ಧದ ನಾಯಕತ್ವಕ್ಕೆಂದು ಆಫ್ರಿಕಾ ಪ್ರಶಸ್ತಿ ಮೊದಲ ಬಾರಿ ಕೊಟ್ಟಾಗ ಅದನ್ನು ಇಬ್ಬರಿಗೆ ಹಂಚಲಾಯಿತು: ಸೆನೆಗಲ್‌ನ ಅಧ್ಯಕ್ಷ ಅಬ್ದು ದಿಯೂಫ್, ಮತ್ತು ಒಡಿಯಾಂಬೊ. ಒಬ್ಬ ರಾಷ್ಟ್ರಪತಿಯ ಪಕ್ಕದಲ್ಲಿ ಹುಳುಗಳನ್ನು ಓದುವ ಒಬ್ಬ ಮೇಷ್ಟರನ್ನು ನಿಲ್ಲಿಸಿದ್ದು ಸರಿಯಾದ ಕೆಲಸ.

ಇಸಿಪೆ 1993ರಲ್ಲಿ ಪಾಕಿಸ್ತಾನದಿಂದ ತಂದ ಆ ಸಣ್ಣ ಕಣಜವನ್ನು ಕೆನ್ಯಾದ ಕರಾವಳಿಯಲ್ಲಿ ಬಿಟ್ಟಿತು. ಅದು ಅಲ್ಲಿ ನೆಲೆಯೂರಿತು. 1990ರ ದಶಕದ ಕೊನೆಗೆ ಅದೇ ಸಂಸ್ಥೆಯಲ್ಲಿ, ಭಾರತದಲ್ಲಿ ಹುಟ್ಟಿದ ಜಿಯಾವುರ್ ಖಾನ್ ಅವರ ತಂಡ ಇನ್ನೊಂದು ಉಪಾಯ ರೈತರ ಕೈಗಿತ್ತಿತು. ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಮೇವು, ಹೊಲದ ಸುತ್ತ ನೇಪಿಯರ್ ಹುಲ್ಲು. ಒಂದರ ವಾಸನೆ ಹುಳುವಿನ ಪತಂಗವನ್ನು ಹೊಲದಿಂದ ಓಡಿಸುತ್ತದೆ, ಇನ್ನೊಂದರದು ಅಂಚಿಗೆ ಸೆಳೆದುಕೊಳ್ಳುತ್ತದೆ. ಎರಡೂ ದನಕ್ಕೆ ಮೇವು. ಅಕ್ಕಡಿ ಸಾಲು ಬಿತ್ತುವ ನಮ್ಮ ರೈತರಿಗೆ ಈ ಯೋಚನೆ ತಟ್ಟನೆ ಅರ್ಥವಾಗುತ್ತದೆ.

ಜೋಳಕ್ಕೆ ಹುಳುವಿಗಿಂತ ಕೆಟ್ಟ ಇನ್ನೊಂದು ಶತ್ರುವಿದೆ. ಸ್ಟ್ರೈಗಾ ಎಂಬ ಕಳೆ. ನಮ್ಮ ಹೊಲಗಳಲ್ಲಿ ಬಿಳಿ ಹೂವಿನದು, ಆಫ್ರಿಕಾದಲ್ಲಿ ಹೆಚ್ಚಾಗಿ ನೇರಳೆ ಹೂವಿನದು, ನೋಡಲು ಚೆಂದ. ಮಣ್ಣಿನಲ್ಲಿ ಧೂಳಿನಷ್ಟು ಸಣ್ಣ ಬೀಜವಾಗಿ ವರ್ಷಗಟ್ಟಲೆ ಮಲಗಿರುತ್ತದೆ. ಪಕ್ಕದಲ್ಲಿ ಜೋಳದ ಬೇರು ಸ್ರವಿಸುವ ರಾಸಾಯನಿಕ ತಾಗಿದರೆ ಮಾತ್ರ ಮೊಳೆತು, ಬೇರಿಗೆ ಕಚ್ಚಿಕೊಂಡು, ಜೋಳ ಹೀರಿದ ನೀರನ್ನೂ ಸಾರವನ್ನೂ ತಾನು ಹೀರುತ್ತದೆ. ನೆಲದ ಮೇಲೆ ಕಾಣಿಸಿಕೊಳ್ಳುವ ಹೊತ್ತಿಗೆ ಬೆಳೆ ಸೊರಗಿರುತ್ತದೆ, ಕಿತ್ತರೂ ಪ್ರಯೋಜನವಿಲ್ಲ. ಬಡ ಮಣ್ಣಿನ ಬಡ ರೈತನ ಹೊಲದಲ್ಲೇ ಅದರ ಹಾವಳಿ ಹೆಚ್ಚು.

ಇದನ್ನು ಬಗ್ಗಿಸಿದವರು ಇಥಿಯೋಪಿಯಾದ ಗೆಬಿಸಾ ಎಜೆಟಾ. ಹುಟ್ಟಿದ್ದು 1950ರಲ್ಲಿ, ಒಂದೇ ಕೋಣೆಯ ಹುಲ್ಲು ಗುಡಿಸಿಲಲ್ಲಿ. ಮಗ ಓದಲೇಬೇಕೆಂದು ಹಟ ಹಿಡಿದವಳು ತಾಯಿ. ಶಾಲೆ ಇಪ್ಪತ್ತು ಕಿಲೋಮೀಟರ್ ದೂರ. ಹುಡುಗ ಭಾನುವಾರ ಸಂಜೆ ನಡೆದು ಹೋಗಿ ಶುಕ್ರವಾರ ನಡೆದು ಮನೆಗೆ ಬರುತ್ತಿದ್ದ. ಕೃಷಿ ಕಾಲೇಜು ಮುಗಿಸಿ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಜೋಳದ ತಳಿಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಮೇಲೆ ಎಜೆಟಾ ಸೇರಿದ್ದು ಇಕ್ರಿಸ್ಯಾಟ್. ಹೈದರಾಬಾದಿನ ಹೊರವಲಯದ ಪಟಾಂಚೆರುವಿನಲ್ಲಿ 1972ರಿಂದ ಇರುವ ಒಣಬೇಸಾಯದ ಈ ಅಂತಾರಾಷ್ಟ್ರೀಯ ಸಂಸ್ಥೆ ಅವರನ್ನು ಸುಡಾನಿಗೆ ಕಳಿಸಿತು. ಜೋಳದ ತವರಿಗೇ. 1983ರಲ್ಲಿ ಅಲ್ಲಿ ಅವರ ಹಗೀನ್ ದುರಾ–1 ಬಿಡುಗಡೆಯಾಯಿತು; ಆಫ್ರಿಕಾದ ಮೊದಲ ವಾಣಿಜ್ಯ ಹೈಬ್ರಿಡ್ ಜೋಳ, ಬರ ತಾಳುವಂಥದ್ದು. ಮರುವರ್ಷವೇ ಸುಡಾನಿಗೆ ಭೀಕರ ಬರ ಬಂತು, ಹೊಸ ಜೋಳಕ್ಕೆ ಅದೇ ಪರೀಕ್ಷೆಯಾಯಿತು. ಬೀಜ ಸಿಗದಿದ್ದರೆ ತಳಿ ಇದ್ದೇನು ಎಂದು ಎಜೆಟಾ ರೈತರ ಜತೆಯಲ್ಲೇ ಬೀಜೋತ್ಪಾದನೆಗೂ ಕೈಹಾಕಿದರು. 1999ರ ಹೊತ್ತಿಗೆ ಸುಡಾನಿನಲ್ಲಿ ಹತ್ತು ಲಕ್ಷ ಎಕರೆಯಲ್ಲಿ ಆ ಜೋಳವಿತ್ತು.

ಪರ್ಡ್ಯೂಗೆ ಮರಳಿ ಅವರು ಸ್ಟ್ರೈಗಾದ ಬೆನ್ನು ಹತ್ತಿದರು. ಕಳೆಯನ್ನು ಕೊಲ್ಲುವ ಬದಲು, ಅದರ ಬೀಜವನ್ನು ಎಬ್ಬಿಸುವ ಸ್ರಾವವೇ ಕಡಿಮೆಯಿರುವ ಜೋಳವನ್ನು ಹುಡುಕಿದರು. ಆ ಗುಣವನ್ನು ಒಳ್ಳೆಯ ಇಳುವರಿಯ ತಳಿಗಳಿಗೆ ತಂದರು. 1990ರ ದಶಕದ ಮಧ್ಯದಲ್ಲಿ ಹೀಗೆ ತಯಾರಾದ ಎಂಟು ಟನ್ ಬೀಜ ಆಫ್ರಿಕಾದ 12 ದೇಶಗಳಿಗೆ ಹೋಯಿತು. 2009ರಲ್ಲಿ ಎಜೆಟಾ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು. ಅದೇ ಪ್ರಶಸ್ತಿಯನ್ನು 1987ರಲ್ಲಿ ಮೊತ್ತಮೊದಲು ಪಡೆದವರು ನಮ್ಮ ಎಂ.ಎಸ್. ಸ್ವಾಮಿನಾಥನ್. ಸ್ವಾಮಿನಾಥನ್ ಹೆಸರು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಜೋಳ ಉಣ್ಣುವ ನಾಡಿನಲ್ಲಿ ಗೆಬಿಸಾ ಎಜೆಟಾ ಹೆಸರೂ ಅಷ್ಟೇ ಗೊತ್ತಿರಬೇಕಿತ್ತು.

ಘಟಪ್ರಭೆಯ ಸೀಮೆ ಈಗ ಕಬ್ಬಿನ ಸೀಮೆ. ಹಂಗಾಮಿನಲ್ಲಿ ಹುಕ್ಕೇರಿ, ಗೋಕಾಕ, ಮೂಡಲಗಿಯ ರಸ್ತೆಗಳ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಬೆಲ್ಲದ ಬಾಗೇವಾಡಿಯಲ್ಲೂ ಸಕ್ಕರೆ ಕಾರ್ಖಾನೆಯಿದೆ. ಹೊಟ್ಟೆ ತುಂಬಿದೆ, ಮಕ್ಕಳು ಓದಿದ್ದಾರೆ. ನೀರು ತಂದ ಈ ಬದಲಾವಣೆಯನ್ನು ಹಳಿಯಲು ನನಗೆ ಮನಸ್ಸಿಲ್ಲ. ಆದರೆ ಕಾಲುವೆಯ ನೀರು ತಲುಪದ ಅಂಚಿನ ಎರಿ ಹೊಲಗಳಲ್ಲಿ ಜೋಳ ಇನ್ನೂ ನಿಂತಿದೆ, ಹಿಡಕಲ್ ತುಂಬದ ವರ್ಷ ಕಬ್ಬಿನವನ ಕಣ್ಣೂ ಅತ್ತ ನೋಡುತ್ತದೆ. ಹಗೇವುಗಳು ಮುಚ್ಚಿಹೋಗಿ ಮೇಲೆ ಮನೆಗಳೆದ್ದಿವೆ. ಒಂದು ಕಾಲಕ್ಕೆ ಬಡವರ ಊಟವೆನಿಸಿದ್ದ ಕಟಕ್ ರೊಟ್ಟಿ ಪೊಟ್ಟಣ ಕಟ್ಟಿಸಿಕೊಂಡು ಬೆಂಗಳೂರಿನ ಅಂಗಡಿಗಳಿಗೆ ಹೋಗುತ್ತಿದೆ.

ಜೋಳದ ತವರಿನಲ್ಲಿ ಮಾತ್ರ ಈಗ ಹಸಿವು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಸೈನ್ಯಕ್ಕೂ ಅರೆಸೇನಾ ಪಡೆಗೂ ಯುದ್ಧ ಶುರುವಾಯಿತು. 2024ರ ಆಗಸ್ಟ್‌ನಲ್ಲಿ ಉತ್ತರ ದಾರ್ಫುರಿನ ಝಮ್‌ಝಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮವಿದೆಯೆಂದು ಅಂತಾರಾಷ್ಟ್ರೀಯ ತಜ್ಞರ ಸಮಿತಿ ತೀರ್ಮಾನಿಸಿತು. 1877ರಲ್ಲಿ ನಮ್ಮವರು ಕಂಡದ್ದನ್ನೇ ಅವರು ಕಾಣುತ್ತಿದ್ದಾರೆ. ವಾದ್ ಮದನಿ ಪಟ್ಟಣದಲ್ಲಿದ್ದ ದೇಶದ ಬೀಜ ಭಂಡಾರ 2023ರ ಡಿಸೆಂಬರಿನ ದಾಳಿಯ ನಂತರ ಲೂಟಿಯಾಯಿತು. ಅಲ್ಲಿಯ ಸಂಶೋಧಕರು ಸುಮ್ಮನೆ ಕೂರಲಿಲ್ಲ. ಉಳಿದ ಬೀಜಗಳನ್ನು ಕಾಪಾಡಿ, ಜೋಳವೂ ಸೇರಿದಂತೆ ತಮ್ಮ ನಾಡಿನ ತಳಿಗಳನ್ನು 2025ರ ಫೆಬ್ರುವರಿಯಲ್ಲಿ ನಾರ್ವೆಯ ಸ್ವಾಲ್‌ಬಾರ್ಡ್ ಬೀಜಾಗಾರಕ್ಕೆ ಮುಟ್ಟಿಸಿದರು. ಹಸಿವಿನ ಎದುರು ಆಫ್ರಿಕಾದ ನಾಯಕತ್ವವನ್ನು ಗೌರವಿಸುವುದಾದರೆ ಈ ವರ್ಷಗಳಲ್ಲಿ ಮೊದಲು ನಮಿಸಬೇಕಾದದ್ದು ಗುಂಡಿನ ಸದ್ದಿನ ನಡುವೆ ಬೀಜ ಎಣಿಸಿ ಕಟ್ಟಿದ ಆ ಕೈಗಳಿಗೆ.

ಪಟಾಂಚೆರುವಿನ ಇಕ್ರಿಸ್ಯಾಟ್ ಭಂಡಾರದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಜೋಳದ ಮಾದರಿಗಳಿವೆ. ಸುಡಾನಿನಿಂದ, ಇಥಿಯೋಪಿಯಾದಿಂದ ದಶಕಗಳ ಹಿಂದೆ ತಂದ ತಳಿಗಳೂ ಅದರಲ್ಲಿವೆ. ಯುದ್ಧ ನಿಂತು ಬುಟಾನಾದ ರೈತರು ಬಿತ್ತನೆಗೆ ಹೊರಟು ಬೀಜ ಕೇಳಿದ ದಿನ, ಅವರಿಗೆ ಮರಳಿ ಕೊಡಬೇಕಾದದ್ದು ಇಲ್ಲೇ ಇದೆ, ಬೆಳಗಾವಿಯಿಂದ ಒಂದು ರಾತ್ರಿಯ ಬಸ್ಸಿನ ದೂರದಲ್ಲಿ.